ಗೊರಕೆ ನಿಂತಾಗ ಕಿವಿಗೊಡಿ

ಬೇಸಿಗೆ ಬಂತೆಂದರೆ ರಾಮದುರ್ಗ ತಾಲ್ಲೂಕಿನ ನಮ್ಮ ಸಾಲಹಳ್ಳಿಯಂಥ ಊರುಗಳಲ್ಲಿ ಜನ ಮಾಳಿಗೆ ಏರಿ ಮಲಗುತ್ತಾರೆ. ಯಾರ ಗೊರಕೆ ಎಷ್ಟು ದೊಡ್ಡದು ಎಂಬುದು ಆಗ ಇಡೀ ಓಣಿಗೆ ಗೊತ್ತಾಗುತ್ತದೆ. ಬೆಳಗ್ಗೆ ಚಹಾದಂಗಡಿಯಲ್ಲಿ ಅದೇ ಚೇಷ್ಟೆ. “ಏನ್ ನಿದ್ದಿರೀ ಕಾಕಾ ನಿಮ್ದು, ಕುಂಭಕರ್ಣನ ನಿದ್ದಿ!” ಎಂದರೆ ಕಾಕಾನಿಗೂ ಖುಷಿ. ಮೈಕೈ ತುಂಬಿಕೊಂಡವನು, ಉಂಡು ಮಲಗಿದರೆ ಮನೆ ನಡುಗುವಂತೆ ಗೊರಕೆ ಹೊಡೆಯುವವನು ಸುಖಿ ಎಂದೇ ನಮ್ಮ ಕಡೆಯ ಲೆಕ್ಕ. ಆದರೆ ಅದೇ ಕಾಕಾ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತಲ್ಲೇ ತಲೆ ಜೋಲುಬಿಟ್ಟು ತೂಕಡಿಸುತ್ತಾನೆ. ರಾತ್ರಿಯೆಲ್ಲ ಅಷ್ಟು ಗಾಢವಾಗಿ ನಿದ್ದೆ ಮಾಡಿದವನಿಗೆ ಹಗಲು ಇಷ್ಟು ನಿದ್ದೆ ಏಕೆ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ನಾನು ವಿಜ್ಞಾನ ಕಲಿಸುವ ಮಾಸ್ತರ, ವೈದ್ಯನಲ್ಲ. ಇದನ್ನು ಮೊದಲ ಸಲ ಕೇಳುತ್ತಿರುವವರಿಗೆ ಅರ್ಥವಾಗುವಷ್ಟು ಹೇಳುತ್ತೇನೆ. ಔಷಧಿಯ ಮಾತು ಬಂದಾಗ ಡಾಕ್ಟರರ ಹತ್ತಿರವೇ ಹೋಗಬೇಕು.

ಇಂಥವರ ಪಕ್ಕದಲ್ಲಿ ಮಲಗುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತುಬಿಡುತ್ತದೆ. ಎದೆ, ಹೊಟ್ಟೆ ಅಲುಗುತ್ತಲೇ ಇರುತ್ತವೆ, ಮೂಗು ಬಾಯಿಯಲ್ಲಿ ಮಾತ್ರ ಗಾಳಿ ಆಡುವುದಿಲ್ಲ. ಸ್ವಲ್ಪ ಹೊತ್ತಿಗೆ ಗಕ್ಕನೆ ಸದ್ದು ಮಾಡಿ, ಮೈ ಕೊಡವಿ, ದೊಡ್ಡ ಉಸಿರೆಳೆದುಕೊಂಡು ಮತ್ತೆ ಗೊರಕೆ ಶುರು. “ನಮ್ಮ ಮನಿಯವ್ರಿಗೆ ರಾತ್ರಿ ಉಸಿರು ಸಿಕ್ಕೊಂಡಂಗ ಆಗತೈತ್ರಿ ಮಾಸ್ತರ್ರ, ನಾ ಅಂಜಿ ಅಲುಗಾಡಿಸಿ ಎಬ್ಬಸ್ತೀನಿ” ಎಂದು ಹೇಳುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಅವರು ಹೇಳುವುದು ರೋಗದ ಸರಿಯಾದ ವರ್ಣನೆ. ನಿದ್ದೆಯಲ್ಲಿ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಗಾಳಿಯ ಹರಿವು ನಿಂತರೆ ವೈದ್ಯರು ಅದನ್ನು ಆಪ್ನಿಯಾ ಎನ್ನುತ್ತಾರೆ. ಗಂಟಲು ಮುಚ್ಚಿಕೊಂಡು ಹೀಗಾದರೆ ಅದು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ. ನಾವು ಇಲ್ಲಿ ಸ್ಲೀಪ್ ಆಪ್ನಿಯಾ ಎಂದಷ್ಟೇ ಕರೆಯೋಣ.

ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ಅಥವಾ ಅರೆಬರೆ ಕಟ್ಟುತ್ತದೆ ಎಂಬುದರ ಮೇಲೆ ರೋಗದ ತೀವ್ರತೆ ಅಳೆಯುತ್ತಾರೆ. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಏಳು ತಾಸು ಮಲಗಿದರೆ 210 ಸಲ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಆ ಮನುಷ್ಯನನ್ನು ಎಚ್ಚರದ ಅಂಚಿಗೆ ಎಳೆದು ತರುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ಈ ಎಚ್ಚರ ಕೆಲವೇ ಸೆಕೆಂಡಿನದು, ಬೆಳಗ್ಗೆ ಅವನಿಗೆ ಇದರ ನೆನಪೇ ಇರುವುದಿಲ್ಲ. “ನಾ ಭಾಳ ಛಲೋ ಮಲಗಿದ್ನೆಲ್ಲಾ” ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಪಾಪ. ಅವನಿಗೆ ಗೊತ್ತೇ ಇಲ್ಲ.

ಗಂಟಲು ಯಾಕೆ ಮುಚ್ಚಿಕೊಳ್ಳುತ್ತದೆ? ಮಲಪ್ರಭೆಯ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ತಿಳಿಸುವುದು ಸುಲಭ. ಪಂಪಿನಿಂದ ಹೊಲಕ್ಕೆ ನೀರು ಬಿಡುವ ಕಡೆ ಸುತ್ತಿಡಬಹುದಾದ ಮೆತ್ತನೆಯ ಪೈಪು ಹಾಕಿದರೂ ನಡೆಯುತ್ತದೆ, ಒಳಗಿನ ಒತ್ತಡ ಅದನ್ನು ಉಬ್ಬಿಸಿ ಇಡುತ್ತದೆ. ನದಿಯಿಂದ ಪಂಪಿಗೆ ಹೀರುವ ಕಡೆ ಅದೇ ಪೈಪು ಹಾಕಿ ನೋಡಿ. ಮೋಟಾರು ಶುರುವಾದ ಕೂಡಲೇ ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಹೀರುವ ಕಡೆ ಗಟ್ಟಿ ಪೈಪು ಹಾಕುತ್ತಾರೆ. ನಮ್ಮ ಶ್ವಾಸನಾಳಕ್ಕೆ ಮೃದ್ವಸ್ಥಿಯ ಉಂಗುರಗಳ ಆಸರೆಯಿದೆ, ಅದು ಗಟ್ಟಿ ಪೈಪು. ಆದರೆ ನಾಲಗೆಯ ಹಿಂದಿನ ಗಂಟಲಿನ ಭಾಗಕ್ಕೆ ಎಲುಬಿನ ಆಸರೆಯಿಲ್ಲ, ಅದು ಬರೀ ಸ್ನಾಯು ಮತ್ತು ಪೊರೆ. ಉಸಿರು ಎಳೆದುಕೊಳ್ಳುವಾಗ ಅದೇ ಹೀರುವ ಕಡೆ. ಎಚ್ಚರವಿರುವಾಗ ಸ್ನಾಯುಗಳು ಬಿಗಿಯಾಗಿ ನಿಂತು ದಾರಿ ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುತ್ತವೆ. ಅಂಗಾತ ಮಲಗಿದರೆ ನಾಲಗೆಯೂ ಹಿಂದಕ್ಕೆ ಜಾರುತ್ತದೆ. ದಾರಿ ಇಕ್ಕಟ್ಟಾದಾಗ ಪೊರೆಗಳು ಅದುರಿ ಗೊರಕೆಯಾಗುತ್ತದೆ, ಪೂರ್ತಿ ಅಂಟಿಕೊಂಡರೆ ಉಸಿರು ಕಟ್ಟುತ್ತದೆ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಸ್ನಾಯುಗಳ ಬಿಗಿ ಇನ್ನೂ ಕಡಿಮೆ. ಆದ್ದರಿಂದಲೇ ಬಹಳ ಜನರಲ್ಲಿ ಬೆಳಗಿನ ಜಾವ ಈ ಕಾಟ ಜಾಸ್ತಿ.

ಇನ್ನು ತೂಕದ ಮಾತು. ಬೊಜ್ಜು ಎಂದರೆ ನಮಗೆ ಕಣ್ಣಿಗೆ ಕಾಣುವ ಹೊಟ್ಟೆ ಅಷ್ಟೆ. ಅದು ಕಾಣದ ಜಾಗಗಳಲ್ಲೂ ಕೂಡುತ್ತದೆ. ಗಂಟಲಿನ ಎರಡೂ ಬದಿಯ ಗೋಡೆಗಳಲ್ಲಿ ಕೂತು ಹೊರಗಿನಿಂದ ಒತ್ತುತ್ತದೆ. ನಾಲಗೆಯೊಳಗೂ ಸೇರುತ್ತದೆ. ನಾಲಗೆಗೆ ಬೊಜ್ಜು ಬರುತ್ತದೆ ಎಂದರೆ ನಮ್ಮ ಹುಡುಗರು ನಗುತ್ತಾರೆ, ಆದರೆ ಇದು ಎಂಆರ್‌ಐ ಚಿತ್ರದಲ್ಲಿ ಕಾಣುವ ಸತ್ಯ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ವಾಬ್ ಮತ್ತು ಸಂಗಡಿಗರು ತೂಕ ಇಳಿಸಿಕೊಂಡ ರೋಗಿಗಳ ಗಂಟಲನ್ನು ಹೀಗೆ ಅಳೆದು 2020ರಲ್ಲಿ ಪ್ರಕಟಿಸಿದರು. ಉಸಿರು ಕಟ್ಟುವುದು ಕಡಿಮೆಯಾಗಲು ಗಂಟಲಿನ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನೆರವಾದದ್ದು ನಾಲಗೆಯ ಕೊಬ್ಬು ಕರಗಿದ್ದು ಎಂದು ಅವರಿಗೆ ಕಂಡಿತು.

ಹೊಟ್ಟೆಯ ಬೊಜ್ಜಿನ ಕೆಲಸ ಬೇರೆ ರೀತಿಯದು. ಅಂಗಾತ ಮಲಗಿದಾಗ ಹೊಟ್ಟೆಯ ಭಾರ ಎದೆ–ಹೊಟ್ಟೆಯ ನಡುವಿನ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಸಾಲುವುದಿಲ್ಲ. ಶ್ವಾಸಕೋಶ ತುಂಬಿದ್ದಾಗ ಶ್ವಾಸನಾಳವನ್ನು ಕೆಳಕ್ಕೆ ಜಗ್ಗಿ ಹಿಡಿದಿರುತ್ತದೆ, ಆ ಜಗ್ಗುವಿಕೆ ಗಂಟಲನ್ನು ನೆಟ್ಟಗಿಡುತ್ತದೆ. ಅದು ಕುಗ್ಗಿದರೆ ಗಂಟಲು ಜೋಲುಬೀಳುತ್ತದೆ. ಅಂದರೆ ಹೊಟ್ಟೆ ಕೆಳಗಿದ್ದರೂ ಪೆಟ್ಟು ಮೇಲೆ. ಜತೆಗೆ ಸಣ್ಣ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನೂ ಕಡಿಮೆ, ಉಸಿರು ಕಟ್ಟಿದ ಕೂಡಲೇ ರಕ್ತದಲ್ಲಿ ಅದು ಬೇಗ ಇಳಿಯುತ್ತದೆ.

ಎಷ್ಟು ತೂಕಕ್ಕೆ ಎಷ್ಟು ತೊಂದರೆ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 690 ಜನರನ್ನು ನಾಲ್ಕು ವರ್ಷ ಗಮನಿಸಿ 2000ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಎಲ್ಲರೂ ಉಲ್ಲೇಖಿಸುವಂಥದ್ದು. ತೂಕ ನೂರಕ್ಕೆ 10ರಷ್ಟು ಏರಿದವರಲ್ಲಿ ಗಂಟೆಗೆ ಉಸಿರು ಕಟ್ಟುವ ಸಂಖ್ಯೆ ಸುಮಾರು ನೂರಕ್ಕೆ 32ರಷ್ಟು ಏರಿತು. ನೂರಕ್ಕೆ 10ರಷ್ಟು ಇಳಿಸಿದವರಲ್ಲಿ ಸುಮಾರು 26ರಷ್ಟು ಇಳಿಯಿತು. 80 ಕಿಲೊ ಇರುವವನಿಗೆ ಇದು 8 ಕಿಲೊ ಮಾತು. ಸಿನಿಮಾ ನಟನಂತೆ ಸಣ್ಣಗಾಗಬೇಕಿಲ್ಲ, ಅಂಗಿಯ ಗುಂಡಿ ಬಿಗಿಯಾಗದಷ್ಟು ಇಳಿದರೂ ಗಂಟಲಿಗೆ ಅದು ಗೊತ್ತಾಗುತ್ತದೆ.

“ನಾ ಏನ್ ಅಷ್ಟು ದಪ್ಪ ಇಲ್ಲಲ್ರೀ” ಎನ್ನುವವರಿಗೆ ಒಂದು ಮಾತು. ಭಾರತೀಯರಿಗೆ ಅಳತೆಗೋಲು ಬಿಗಿಯಾಗಿದೆ. ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಬಿಎಂಐ 23 ದಾಟಿದರೆ ನಮ್ಮಲ್ಲಿ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಐದಡಿ ಐದಿಂಚಿನವನಿಗೆ ಇದು ಸುಮಾರು 63 ಮತ್ತು 68 ಕಿಲೊ. ಊರಲ್ಲಿ 68 ಕಿಲೊದವನನ್ನು ಯಾರೂ ದಪ್ಪ ಎನ್ನುವುದಿಲ್ಲ, “ಸೊರಗ್ಯಾನ” ಎಂದು ಹೇಳುವ ಅತ್ತೆಯರೂ ಇದ್ದಾರೆ! ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ವಯಸ್ಸು 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ಫಾರ್ಮು ತುಂಬುವಾಗ ಸೊಂಟಕ್ಕೆ ಟೇಪು ಹಿಡಿಯುವುದು ಇದಕ್ಕೇ. ನಾಚಿಕೊಂಡು ಒಳಗೆ ಹೋಗಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನರದು ಹೆಚ್ಚು ತೂಕ. ಆ ಸಮೀಕ್ಷೆ ಹಿಡಿದ ಗೆರೆ 25, ನಮ್ಮ ಬಿಗಿಯಾದ 23 ಅಲ್ಲ.

ಇದಕ್ಕೆ ಜೋಳದ ರೊಟ್ಟಿಯನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ ಒಳ್ಳೆಯ ಊಟ. ಬದಲಾದದ್ದು ಹೊಲದ ಕೆಲಸ. ಮುಂಜಾನೆಯಿಂದ ಸಂಜೆತನಕ ಕುಂಟಿಯ ಹಿಂದೆ ನಡೆದ ಅಜ್ಜ ತಿನ್ನುತ್ತಿದ್ದಷ್ಟೇ ರೊಟ್ಟಿಯನ್ನು ಟ್ರ್ಯಾಕ್ಟರ್ ಮೇಲೆ ಕೂತ ಮೊಮ್ಮಗನೂ ತಿನ್ನುತ್ತಾನೆ. ಮೇಲೆ ಸಕ್ಕರೆ ತುಂಬಿದ ನಾಲ್ಕೈದು ಚಹಾ, ಸಂಜೆ ಮಿರ್ಚಿ ಭಜಿ, ರಾತ್ರಿ ಧಾರಾವಾಹಿ ಮುಗಿದ ಮೇಲೆ ಊಟ, ಕೈ ತೊಳೆದ ಕೂಡಲೇ ಹಾಸಿಗೆ. ಹೊಲಕ್ಕೆ ಹೋಗುವುದೂ ಬೈಕಿನ ಮೇಲೆಯೇ.

ಇಲ್ಲಿಗೆ ಮುಗಿಯಲಿಲ್ಲ. ತೂಕ ನಿದ್ದೆ ಕೆಡಿಸಿದಂತೆ, ಕೆಟ್ಟ ನಿದ್ದೆ ತೂಕ ಏರಿಸುತ್ತದೆ. ನಿದ್ದೆ ಸಾಲದಾದರೆ ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಕಡಿಮೆಯಾಗುತ್ತದೆ. ಇನ್ಸುಲಿನ್ ಮಾತು ದೇಹ ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ಹಗಲೆಲ್ಲ ಮೈಭಾರ ಇದ್ದವನು ನಡೆಯಲು ಹೋಗುವನೇ? ಕೂಡುತ್ತಾನೆ, ಚಹಾ ಕುಡಿಯುತ್ತಾನೆ, ಜತೆಗೆ ಏನಾದರೂ ಕರಿದದ್ದು. ತೂಕ ಇಳಿಸಬೇಕೆಂದು ಪಣ ತೊಟ್ಟವರು ಸೋಲುವುದಕ್ಕೆ ಅವರ ಮನಸ್ಸಿನ ದುರ್ಬಲತೆ ಒಂದೇ ಕಾರಣ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಕೆಲವರ ವಿಷಯದಲ್ಲಿ ಕಾರಣ ರಾತ್ರಿಯ ಗಂಟಲಿನಲ್ಲಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಿಳಿಯಬೇಕಾದ್ದು ಇದೇ: “ಮೊದಲು ತೂಕ ಇಳಿಸು, ಆಮೇಲೆ ನೋಡೋಣ” ಎನ್ನುವುದು ಅರ್ಧ ಸಲಹೆ. ಎರಡನ್ನೂ ಒಟ್ಟಿಗೇ ಹಿಡಿಯಬೇಕು.

ವೈದ್ಯಶಾಸ್ತ್ರಕ್ಕೇ ಈ ರೋಗದ ಪರಿಚಯ ಹಳೆಯದಲ್ಲ. 1956ರಲ್ಲಿ ಬೋಸ್ಟನ್ನಿನ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಭಾರಿ ದೇಹದ ಒಬ್ಬ ರೋಗಿಯ ಕಥೆ ಬರೆದರು. ಇಸ್ಪೀಟು ಆಡುತ್ತ ಕೂತಾಗ ಅವನ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿದ್ದವು. ಅಷ್ಟು ಒಳ್ಳೆಯ ಎಲೆ ಹಿಡಿದುಕೊಂಡೇ ಮನುಷ್ಯ ನಿದ್ದೆ ಹೋದ, ಆಟವೂ ಹೋಯಿತು. ಆಮೇಲೆ ಆಸ್ಪತ್ರೆಗೆ ಬಂದ. ಆಗ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ, ಅದು ಗೊತ್ತಾದದ್ದು 1965ರ ಹೊತ್ತಿಗೆ. ಕೊರಳಲ್ಲಿ ತೂತು ಕೊರೆದು ಕೊಳವೆ ಇಡುವುದೇ ಬಹುಕಾಲ ಇದ್ದ ಚಿಕಿತ್ಸೆ. ನಮ್ಮ ಕಾಲದ ಹೆಸರು ಬೇಕೆಂದರೆ ಬಪ್ಪಿ ಲಹಿರಿ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟು ಕನ್ನಡಿಗರಿಗೂ ಪರಿಚಿತರಾದವರು. 2022ರ ಫೆಬ್ರುವರಿ 15ರಂದು ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣದಲ್ಲಿ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಇತ್ತು. ಪತ್ರಿಕೆ ಓದುವ ಬಹಳ ಜನ ಈ ಹೆಸರನ್ನು ಮೊದಲು ಕೇಳಿದ್ದು ಅಂದೇ.

ರೋಗ ಅಪರೂಪದ್ದೇನಲ್ಲ. ದೇಶದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಕೊಟ್ಟ ಅಂದಾಜು ವಯಸ್ಕರಲ್ಲಿ ನೂರಕ್ಕೆ 11. ಗಂಡಸರಲ್ಲಿ 13, ಹೆಂಗಸರಲ್ಲಿ 5. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಏರುತ್ತದೆ. ಅವರಲ್ಲಿ ಗೊರಕೆಗಿಂತ ದಣಿವು, ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು ಮುಂದಾಗಿ ಕಾಣುವುದರಿಂದ “ಮನಿ ಕೆಲಸ ಜಾಸ್ತಿ ಆಗೇತಿ” ಎಂದು ತೇಲಿಸಿಬಿಡುತ್ತೇವೆ.

ಗುರುತುಗಳನ್ನು ಹೇಳುತ್ತೇನೆ. ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಹಗಲಿನ ತೂಕಡಿಕೆ ಈಗಾಗಲೇ ಬಂದವು. ಬೆಳಗ್ಗೆ ಎದ್ದಾಗ ಬಾಯಿ ಒಣಗಿರುವುದು, ತಲೆ ಭಾರ, ಸಣ್ಣಸಣ್ಣದಕ್ಕೂ ಸಿಡುಕು, ಮರೆವು. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ಜನ ವಯಸ್ಸಿನ ತಲೆಗೆ ಕಟ್ಟುತ್ತಾರೆ. ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯ ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ, ಅದೂ ಒಂದು ಕಾರಣ ಇರಬಹುದು. ಎರಡು ಮೂರು ಗುಳಿಗೆ ನುಂಗಿದರೂ ಬಿಪಿ ಹತೋಟಿಗೆ ಬಾರದಿದ್ದರೆ ಸ್ಲೀಪ್ ಆಪ್ನಿಯಾ ಇದೆಯೇ ಎಂದು ಕೇಳಲೇಬೇಕು. ರಾತ್ರಿ ನೂರಾರು ಸಲ ಗಾಬರಿಗೊಂಡ ದೇಹದಲ್ಲಿ ರಕ್ತದೊತ್ತಡ ಹಗಲಿಗೂ ಇಳಿಯದೆ ಉಳಿಯುತ್ತದೆ. ಹೃದಯದ ಬಡಿತ ತಾಳ ತಪ್ಪುವುದು, ಲಕ್ವಾ, ಇವುಗಳ ಅಪಾಯವೂ ಹೆಚ್ಚು.

ನಮ್ಮ ಭಾಗದಲ್ಲಿ ನನಗೆ ಹೆಚ್ಚು ಭಯ ಚಾಲಕರದು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯಿಡೀ ಟ್ರ್ಯಾಕ್ಟರ್ ಓಡುತ್ತವೆ. ಚಿಕಿತ್ಸೆಯಿಲ್ಲದ ಸ್ಲೀಪ್ ಆಪ್ನಿಯಾ ಇರುವ ಚಾಲಕರಿಗೆ ಅಪಘಾತದ ಅಪಾಯ ಬೇರೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ತಂಬಾಕು, ಖಡಕ್ ಚಹಾ ನಿದ್ದೆಯನ್ನು ಮುಂದೂಡುತ್ತವೆ ಅಷ್ಟೆ. ಸ್ಟೇರಿಂಗ್ ಹಿಡಿದಾಗ ಕಣ್ಣು ಎಳೆಯುವ ಮನುಷ್ಯ ಪರೀಕ್ಷೆ ಆಗುವ ತನಕ ಗಾಡಿ ಓಡಿಸಬಾರದು.

ಪರೀಕ್ಷೆ ಹೇಗೆ? ಮೊದಲಿಗೆ ವೈದ್ಯರು ಕೇಳುವ ಎಂಟು ಪ್ರಶ್ನೆಗಳಿವೆ, ಟೊರಂಟೊದ ಅರಿವಳಿಕೆ ತಜ್ಞರು 2008ರಲ್ಲಿ ಸಿದ್ಧಪಡಿಸಿದ್ದು. ಗೊರಕೆ ಜೋರೇ, ಹಗಲು ದಣಿವೇ, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ, ಬಿಪಿ ಇದೆಯೇ, ಬಿಎಂಐ 35ಕ್ಕಿಂತ ಹೆಚ್ಚೇ, ವಯಸ್ಸು 50 ದಾಟಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯೇ, ಗಂಡಸೇ. ಮೂರಕ್ಕೆ ಹೌದು ಎಂದರೆ ಸಂಶಯ, ಐದು ಅಥವಾ ಹೆಚ್ಚಾದರೆ ಬಲವಾದ ಸಂಶಯ. ಕುತ್ತಿಗೆ ಅಳೆಯಲು ದರ್ಜಿಯ ಟೇಪು ಸಾಕು.

ಸಂಶಯ ಖಚಿತವಾಗಬೇಕಾದರೆ ನಿದ್ದೆಯ ಪರೀಕ್ಷೆ ಆಗಬೇಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮೆದುಳಿನ ಅಲೆ, ಉಸಿರು, ಎದೆಯ ಚಲನೆ, ಆಮ್ಲಜನಕ, ಹೃದಯದ ಬಡಿತ ಎಲ್ಲವನ್ನೂ ದಾಖಲಿಸುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಮೈಗೆ ವೈರುಗಳು ಮಾತ್ರ. ಕೆಲವರಿಗೆ ಸಣ್ಣ ಯಂತ್ರ ಕೊಟ್ಟು ಮನೆಯಲ್ಲೇ ಮಾಡಿಸುವುದೂ ಉಂಟು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರನ್ನು ಹಗಲು ಹಾಕಿಕೊಂಡು “98 ಐತಿ, ನನಗೇನೂ ಇಲ್ಲ” ಎಂದರೆ ಉಪಯೋಗವಿಲ್ಲ, ಇಳಿಯುವುದು ನಿದ್ದೆಯಲ್ಲಿ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ರಾಮದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ, ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಕಡಿಮೆಯಾದರೂ ಹೀಗಾಗಬಹುದು. ಅಲ್ಲಿಂದ ಚೀಟಿ ಬರೆಸಿಕೊಂಡು ಬೆಳಗಾವಿ ಅಥವಾ ಹುಬ್ಬಳ್ಳಿ–ಧಾರವಾಡದ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ಅಥವಾ ಕಿವಿ–ಮೂಗು–ಗಂಟಲು ವಿಭಾಗಕ್ಕೆ ಹೋಗಬಹುದು. ಹೊರಡುವ ಮುನ್ನ ಫೋನು ಮಾಡಿ ನಿದ್ದೆಯ ಪರೀಕ್ಷೆಯ ದಿನ, ಖರ್ಚು ಕೇಳಿಕೊಳ್ಳಿ. ಇಷ್ಟು ದೂರ ಬಸ್ಸಿನಲ್ಲಿ ಹೋಗಿ ತಾರೀಖು ಬರೆಸಿಕೊಂಡು ವಾಪಸು ಬರುವುದು ಬೇಡ.

ಮಧ್ಯಮ, ತೀವ್ರ ರೋಗಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಮೂಗಿಗೆ ಮಾಸ್ಕು ಹಾಕಿ ಹದವಾದ ಒತ್ತಡದಲ್ಲಿ ಗಾಳಿ ಬಿಡುತ್ತಾರೆ. ಮೆತ್ತನೆಯ ಪೈಪು ನೀರು ಬಿಡುವ ಕಡೆ ಉಬ್ಬಿ ನಿಲ್ಲುತ್ತದೆ ಎಂದೆನಲ್ಲ, ಅದೇ ಉಪಾಯ ಇಲ್ಲಿಯೂ. ಗಂಟಲು ಅಂಟಿಕೊಳ್ಳುವುದಿಲ್ಲ, ಗೊರಕೆಯೂ ನಿಲ್ಲುತ್ತದೆ. ಇದು ಆಕ್ಸಿಜನ್ ಸಿಲಿಂಡರ್ ಅಲ್ಲ, ಕೋಣೆಯ ಗಾಳಿಯೇ. ಮೊದಮೊದಲು ಕಿರಿಕಿರಿ, ಬಹಳ ಜನ ವಾರದಲ್ಲೇ ಬಿಟ್ಟುಬಿಡುತ್ತಾರೆ. ಮಾಸ್ಕಿನ ಅಳತೆ ಬದಲಿಸಿ ನೋಡಬೇಕು, ತಾಳ್ಮೆ ಬೇಕು. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಆದ್ದರಿಂದ ಹಳ್ಳಿಯವರು ಕೊಳ್ಳುವಾಗಲೇ ಬ್ಯಾಟರಿ ಅಥವಾ ಇನ್ವರ್ಟರ್ ಬಗ್ಗೆ ಕೇಳಬೇಕು. ಯಂತ್ರ ತೂಕ ಇಳಿಸುವುದಿಲ್ಲ ಎಂಬುದೂ ನೆನಪಿರಲಿ. ಅದು ಹಗಲಿಗೆ ಚೈತನ್ಯ ಕೊಡುತ್ತದೆ, ಆ ಚೈತನ್ಯದಿಂದ ನಡೆಯಬೇಕಾದವರು ನೀವು. ಯಂತ್ರ ಬಂತೆಂದು ಊಟದ ಕಟ್ಟು ಸಡಿಲಿಸಿದವರ ತೂಕ ಏರುತ್ತದೆ.

ತೂಕ ಇಳಿಸಲು ಊರಿನ ದಾರಿಗಳೇ ಸಾಕು: ಕತ್ತಲಾಗುವ ಹೊತ್ತಿಗೆ ಊಟ, ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯ ಜಾಸ್ತಿ, ಸಕ್ಕರೆಯಿಲ್ಲದ ಚಹಾ, ಹೊಲಕ್ಕೆ ಕಾಲ್ನಡಿಗೆ. ಕುಡಿತ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ, ಮಲಗುವ ಮುಂಚೆಯಂತೂ ಕೂಡದು. “ನಿದ್ದಿ ಸರಿ ಬರವಲ್ದು” ಎಂದು ಔಷಧದ ಅಂಗಡಿಯಿಂದ ನಿದ್ದೆ ಗುಳಿಗೆ ತಂದು ನುಂಗುವುದು ಇಂಥವರಿಗೆ ಅಪಾಯ. ಮಗ್ಗುಲಾಗಿ ಮಲಗುವುದು ಸೌಮ್ಯ ರೋಗದಲ್ಲಿ ಒಳ್ಳೆಯ ಪರಿಹಾರ. ಬೊಜ್ಜು ಬಹಳ ಇದ್ದವರಿಗೆ ಶಸ್ತ್ರಚಿಕಿತ್ಸೆಯೂ ಇದೆ. ಟಿರ್ಜೆಪಟೈಡ್ ಎಂಬ ವಾರಕ್ಕೊಂದು ಚುಚ್ಚುಮದ್ದನ್ನು ಬೊಜ್ಜಿನ ಜತೆಗಿನ ಸ್ಲೀಪ್ ಆಪ್ನಿಯಾಕ್ಕೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿತು, ಭಾರತದ ಮಾರುಕಟ್ಟೆಗೆ ಆ ಮದ್ದು 2025ರಲ್ಲಿ ಬಂದಿದೆ. ದುಬಾರಿ, ತಜ್ಞರ ಕಣ್ಗಾವಲು ಬೇಕು, ಯಾರದೋ ಮಾತು ಕೇಳಿ ತರಿಸುವಂಥದ್ದಲ್ಲ.

ತೆಳ್ಳಗಿನವರಿಗೂ ಇದು ಬರುತ್ತದೆ. ಸಣ್ಣ ದವಡೆ, ಹಿಂದೆ ಸರಿದ ಗದ್ದ, ದೊಡ್ಡ ಟಾನ್ಸಿಲ್ ಇದ್ದರೆ ಬೊಜ್ಜು ಇಲ್ಲದೆಯೂ ದಾರಿ ಇಕ್ಕಟ್ಟು. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಗುವನ್ನೂ ವೈದ್ಯರಿಗೆ ತೋರಿಸಿ. ದಪ್ಪಗಿರುವವರೆಲ್ಲ ರೋಗಿಗಳೆಂದೂ ಅಲ್ಲ. ಅವರನ್ನು ಗೇಲಿ ಮಾಡುವವರು ಈ ಲೇಖನದ ನೆವ ಹೇಳುವುದು ಬೇಡ.

ಡಾಕ್ಟರರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಕರೆದುಕೊಂಡು ಹೋಗಿ, ಅಥವಾ ಅವರ ಕೈಯಿಂದ ಮೊಬೈಲಿನಲ್ಲಿ ನಿಮ್ಮ ಗೊರಕೆಯನ್ನು ಐದು ನಿಮಿಷ ವಿಡಿಯೊ ಮಾಡಿಸಿ ತೋರಿಸಿ. ಹರ್ನಿಯಾ, ಕಣ್ಣಿನ ಪೊರೆ, ಏನೇ ಆಪರೇಷನ್ ಇರಲಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂಬ ಸಂಗತಿಯನ್ನು ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಿ. ಅವರು ಕೊಡುವ ಮದ್ದೂ ಗಂಟಲನ್ನು ಸಡಿಲಿಸಬಲ್ಲದು.